ಗಣಕಶಾಸ್ತ್ರಜ್ಞ ಎಡ್ಸ್ಗರ್ ಡೈಕ್‌ಸ್ಟ್ರಾ

ನಮ್ಮ ಮನೆಗಳಲ್ಲಿ ಮಕ್ಕಳಿಗೆ ಎರಡು ಹೆಸರುಗಳಿರುವುದು ವಾಡಿಕೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಬರೆಯಿಸಿದ ಹೆಸರು ಒಂದು. ಅಜ್ಜಿಯೂ ತಾಯಿಯೂ ಒಲವಿನಿಂದ ಕರೆಯುವ ಹೆಸರು ಇನ್ನೊಂದು. ಒಂದೇ ಬೀದಿಯ ಹತ್ತು ಮನೆಗಳಲ್ಲಿ ಹತ್ತು ಮಂದಿ ಪುಟ್ಟಂದಿರಿದ್ದರೂ ಯಾವ ಗೊಂದಲವೂ ಉಂಟಾಗುವುದಿಲ್ಲ. ಏಕೆಂದರೆ ಆ ಹೆಸರಿನ ಅಧಿಕಾರವು ಆಯಾ ಮನೆಯ ಹೊಸ್ತಿಲಿನವರೆಗೆ ಮಾತ್ರ. ಹೊಸ್ತಿಲನ್ನು ದಾಟಿದೊಡನೆ ಊರಿಗೆಲ್ಲ ತಿಳಿದ ಹೆಸರೇ ಬೇಕು. ಹತ್ತು ಮನೆಗಳ ಗೋಡೆಗಳನ್ನು ಕೆಡವಿ ಒಂದೇ ಹಜಾರವನ್ನಾಗಿ ಮಾಡಿದರೆ, ಒಬ್ಬ ತಾಯಿ ತನ್ನ ಪುಟ್ಟನನ್ನು ಕೂಗಿದಾಗ ಹತ್ತು ಮಂದಿ ಓಗೊಟ್ಟಾರು!

ಗಣಕಯಂತ್ರಕ್ಕೆ ಮನುಷ್ಯನು ಬರೆದು ಕೊಡುವ ಆಜ್ಞೆಗಳ ಸಮೂಹಕ್ಕೆ ಪ್ರೋಗ್ರಾಮು ಎಂದು ಹೆಸರು. ದೊಡ್ಡ ಪ್ರೋಗ್ರಾಮನ್ನು ಒಂದೇ ಉಸಿರಿನಲ್ಲಿ ಬರೆಯಲಾಗದು. ಅದನ್ನು ಅನೇಕ ಸಣ್ಣ ಕಾರ್ಯವಿಧಾನಗಳಾಗಿ ವಿಂಗಡಿಸಬೇಕಾಗುತ್ತದೆ. ಇವುಗಳನ್ನೇ ಪ್ರೊಸೀಜರುಗಳೆಂದು ಕರೆಯುತ್ತಾರೆ. ಇವುಗಳಲ್ಲಿ ಕೆಲವು ಎಲ್ಲರೂ ಕರೆಯಬಹುದಾದ ಸಾರ್ವಜನಿಕ ವಿಧಾನಗಳು. ಕೆಲವು ತಮ್ಮ ಮನೆಯೊಳಗೇ ದುಡಿಯತಕ್ಕ ಖಾಸಗಿ ವಿಧಾನಗಳು. ಯಾವ ಹೆಸರು ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದಕ್ಕೆ ವ್ಯಾಪ್ತಿ ಎನ್ನುತ್ತಾರೆ. ಈ ಒಳಗು ಹೊರಗುಗಳ ಗೆರೆಯು ಸ್ಪಷ್ಟವಾಗಿರಬೇಕೆಂದು ಜೀವನಪರ್ಯಂತ ಸಾಧಿಸಿದ ವಿದ್ವಾಂಸರಲ್ಲಿ ಹಾಲೆಂಡಿನ ಎಡ್ಸ್ಗರ್ ವೀಬೆ ಡೈಕ್‌ಸ್ಟ್ರಾ ಅವರು ಅಗ್ರಗಣ್ಯರು. ಅವರ ಜೀವನವನ್ನು ಸಂಗ್ರಹವಾಗಿ ತಿಳಿಸುವುದೇ ಈ ಲೇಖನದ ಉದ್ದೇಶ.

ಡೈಕ್‌ಸ್ಟ್ರಾ ಅವರು 1930ನೆಯ ಇಸವಿ ಮೇ 11ರಂದು ರಾಟರ್‌ಡ್ಯಾಮ್ ನಗರದಲ್ಲಿ ಜನಿಸಿದರು. ತಂದೆ ರಸಾಯನಶಾಸ್ತ್ರಜ್ಞರು, ಪ್ರೌಢಶಾಲೆಯಲ್ಲಿ ಅಧ್ಯಾಪಕರಾಗಿದ್ದವರು. ತಾಯಿ ಗಣಿತದಲ್ಲಿ ಪಾರಂಗತರು. ಆದರೆ ಎಲ್ಲಿಯೂ ಉದ್ಯೋಗಕ್ಕೆ ಸೇರಿದವರಲ್ಲ. ಬಾಲಕನು ಒಮ್ಮೆ ತಾಯಿಯ ಬಳಿಗೆ ಬಂದು ಗಣಿತವು ಕಷ್ಟವಾದ ವಿಷಯವೇ ಎಂದು ವಿಚಾರಿಸಿದನಂತೆ. ಸೂತ್ರಗಳನ್ನೆಲ್ಲ ಚೆನ್ನಾಗಿ ಕಲಿತಿರಬೇಕೆಂದೂ, ಒಂದು ಲೆಕ್ಕಕ್ಕೆ ಐದು ಸಾಲುಗಳಿಗಿಂತ ಹೆಚ್ಚು ಬೇಕಾದರೆ ದಾರಿ ತಪ್ಪಿದೆಯೆಂದು ತಿಳಿಯಬೇಕೆಂದೂ ಆ ತಾಯಿ ಉಪದೇಶಿಸಿದರು. ಮಗನು ಆ ಮಾತನ್ನು ಮುಪ್ಪಿನವರೆಗೂ ಮರೆಯಲಿಲ್ಲ.

ಬಾಲ್ಯವು ಸುಖದ ಕಾಲವಾಗಿರಲಿಲ್ಲ. 1940ರ ಮೇ ತಿಂಗಳಿನಲ್ಲಿ ಜರ್ಮನ್ ವಿಮಾನಗಳು ರಾಟರ್‌ಡ್ಯಾಮಿನ ಮೇಲೆ ಬಾಂಬಿನ ಮಳೆಗರೆದು ನಗರದ ಮಧ್ಯಭಾಗವನ್ನು ಬೂದಿ ಮಾಡಿದಾಗ ಅವರಿಗೆ ಹತ್ತು ವರ್ಷ ಆಗತಾನೇ ತುಂಬಿದ್ದಿತು. ಐದು ವರ್ಷಗಳ ಕಾಲ ಹಾಲೆಂಡು ಪರರ ವಶದಲ್ಲಿದ್ದಿತು. ಶಾಲೆಯಲ್ಲಿದ್ದಾಗ ನ್ಯಾಯಶಾಸ್ತ್ರವನ್ನು ಓದಿ, ವಿಶ್ವಸಂಸ್ಥೆಯಲ್ಲಿ ತಮ್ಮ ದೇಶದ ಪ್ರತಿನಿಧಿಯಾಗಬೇಕೆಂಬ ಆಸೆ ಅವರಿಗೆ ಇದ್ದಿತು. ಆದರೆ ಕೊನೆಯ ಪರೀಕ್ಷೆಯಲ್ಲಿ ಗಣಿತ ಮತ್ತು ವಿಜ್ಞಾನಗಳಲ್ಲಿ ಬಂದ ಉತ್ತಮ ಅಂಕಗಳನ್ನು ನೋಡಿದ ಹಿರಿಯರು ಬೇರೆ ದಾರಿಯನ್ನು ತೋರಿಸಿದರು. 1948ರಲ್ಲಿ ಅವರು ಲೈಡನ್ ವಿಶ್ವವಿದ್ಯಾನಿಲಯವನ್ನು ಸೇರಿ ಗಣಿತವನ್ನೂ ಸೈದ್ಧಾಂತಿಕ ಭೌತಶಾಸ್ತ್ರವನ್ನೂ ಅಭ್ಯಾಸ ಮಾಡತೊಡಗಿದರು.

1951ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮೂರು ವಾರಗಳ ಬೇಸಗೆಯ ಶಿಬಿರವೊಂದು ನಡೆಯಿತು. ಮಾರಿಸ್ ವಿಲ್ಕ್ಸ್ ಎಂಬ ವಿದ್ವಾಂಸರು ಎಡ್ಸಾಕ್ ಎಂಬ ಗಣಕಯಂತ್ರಕ್ಕೆ ಪ್ರೋಗ್ರಾಮುಗಳನ್ನು ಬರೆಯುವ ರೀತಿಯನ್ನು ಅಲ್ಲಿ ಬೋಧಿಸುತ್ತಿದ್ದರು. ತಂದೆಯ ಪ್ರೋತ್ಸಾಹದಿಂದ ಡೈಕ್‌ಸ್ಟ್ರಾ ಅಲ್ಲಿಗೆ ಹೋದರು. ಎಡ್ಸಾಕ್ ಯಂತ್ರದ ಬಳಿ ಒಂದು ವಿಶೇಷವಿದ್ದಿತು. ವರ್ಗಮೂಲವನ್ನು ಕಂಡುಹಿಡಿಯುವುದು, ಉತ್ತರವನ್ನು ಅಚ್ಚುಮಾಡುವುದು ಮೊದಲಾದ ಪದೇ ಪದೇ ಬೇಕಾಗುವ ಕೆಲಸಗಳ ವಿಧಾನಗಳನ್ನು ರಂಧ್ರ ಕೊರೆದ ಕಾಗದದ ಪಟ್ಟಿಗಳಲ್ಲಿ ಸಿದ್ಧಪಡಿಸಿ, ಪುಸ್ತಕಭಂಡಾರದಂತೆ ಜೋಡಿಸಿ ಇಟ್ಟಿದ್ದರು. ಬೇಕಾದವರು ಬೇಕಾದ ಪಟ್ಟಿಯನ್ನು ಆರಿಸಿಕೊಂಡು ತಮ್ಮ ಕೆಲಸಕ್ಕೆ ಸೇರಿಸಿಕೊಳ್ಳಬಹುದಾಗಿತ್ತು. ಪಟ್ಟಿಗೆ ಏನನ್ನು ಕೊಡಬೇಕು, ಅದರಿಂದ ಏನು ಬರುತ್ತದೆ ಎಂಬುದು ತಿಳಿದಿದ್ದರೆ ಸಾಕು. ಅದರ ಒಳಗಿನ ಪ್ರತಿಯೊಂದು ಹೆಜ್ಜೆಯನ್ನೂ ಬಲ್ಲವರಾಗಬೇಕಾದ ಅಗತ್ಯವಿರಲಿಲ್ಲ. ಇಂದಿನ ಸಾರ್ವಜನಿಕ ಕಾರ್ಯವಿಧಾನದ ಮೂಲವನ್ನು ನಾವು ಅಲ್ಲಿ ಕಾಣಬಹುದು.

ಮರುವರ್ಷ, 1952ರಲ್ಲಿ, ಅವರು ಆಮ್‌ಸ್ಟರ್‌ಡ್ಯಾಮಿನ ಗಣಿತ ಕೇಂದ್ರದಲ್ಲಿ ಪ್ರೋಗ್ರಾಮು ಬರೆಯುವ ಕೆಲಸಕ್ಕೆ ಸೇರಿದರು. ಸ್ವಲ್ಪ ಕಾಲದಲ್ಲಿಯೇ ಅವರ ಮನಸ್ಸು ಎರಡಾಯಿತು. ಭೌತಶಾಸ್ತ್ರಕ್ಕೆ ನೂರಾರು ವರ್ಷಗಳ ಗೌರವವಿದ್ದಿತು. ಪ್ರೋಗ್ರಾಮು ಬರೆಯುವವನಿಗೆ ತನ್ನದೆಂದು ಹೇಳಿಕೊಳ್ಳಲು ಒಂದು ಶಾಸ್ತ್ರವೇ ಇರಲಿಲ್ಲ. ಅವರು ತಮ್ಮ ಹಿರಿಯರಾದ ಫಾನ್ ವೈನ್‌ಗಾರ್ಡನ್ ಅವರ ಬಳಿ ಈ ಸಂಕಟವನ್ನು ತೋಡಿಕೊಂಡರು. ಶಾಸ್ತ್ರವು ಇನ್ನೂ ಇಲ್ಲವೆಂಬುದನ್ನು ಆ ಹಿರಿಯರು ಒಪ್ಪಿದರು. ಆದರೆ ಅದನ್ನು ಕಟ್ಟುವವರಲ್ಲಿ ನೀವೇ ಏಕೆ ಒಬ್ಬರಾಗಬಾರದೆಂದು ಕೇಳಿದರು. ಆ ಒಂದು ಸಂಭಾಷಣೆಯಿಂದ ತರುಣನ ಬಾಳಿನ ದಿಕ್ಕು ನಿಶ್ಚಯವಾಯಿತು.

ಆದರೆ ಲೋಕವು ಅದನ್ನು ಅಷ್ಟು ಬೇಗ ಒಪ್ಪಲಿಲ್ಲ. 1957ರಲ್ಲಿ ಅವರು ಅದೇ ಕೇಂದ್ರದಲ್ಲಿ ಗಣನೆಯ ಕೆಲಸ ಮಾಡುತ್ತಿದ್ದ ಮರಿಯಾ ಡೆಬೆಟ್ಸ್ ಅವರನ್ನು ವಿವಾಹವಾದರು. ವಿವಾಹದ ದಾಖಲೆಯಲ್ಲಿ ವೃತ್ತಿಯನ್ನು ತಿಳಿಸಬೇಕಾಗಿದ್ದಿತು. ವರನು ಪ್ರೋಗ್ರಾಮುಕಾರನೆಂದು ಬರೆದುದನ್ನು ನಗರದ ಅಧಿಕಾರಿಗಳು ಒಪ್ಪಿಕೊಳ್ಳಲಿಲ್ಲ. ಅಂತಹ ಒಂದು ವೃತ್ತಿಯೇ ಇಲ್ಲವೆಂಬುದು ಅವರ ಆಕ್ಷೇಪಣೆ. ಕೊನೆಗೆ ಸೈದ್ಧಾಂತಿಕ ಭೌತಶಾಸ್ತ್ರಜ್ಞನೆಂದು ಬರೆಯಬೇಕಾಯಿತು. ಇಂದು ನಮ್ಮ ನಗರಗಳಲ್ಲಿ ಮನೆಮನೆಗೂ ಪರಿಚಿತವಾಗಿರುವ ಉದ್ಯೋಗಕ್ಕೆ ಅಂದು ಹೆಸರೂ ಇರಲಿಲ್ಲವೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ.

ಸಾಮಾನ್ಯ ಜನರಿಗೆ ಅವರ ಹೆಸರನ್ನು ತಂದುಕೊಟ್ಟ ಶೋಧನೆಯು ವಿವಾಹದ ಹಿಂದಿನ ವರ್ಷದ್ದು. 1956ರಲ್ಲಿ ಅವರು ಭಾವೀ ಪತ್ನಿಯೊಡನೆ ಆಮ್‌ಸ್ಟರ್‌ಡ್ಯಾಮಿನ ಅಂಗಡಿಗಳನ್ನು ಸುತ್ತಿ ದಣಿದು, ಒಂದು ಕಾಫಿ ಮಂದಿರದ ಜಗುಲಿಯಲ್ಲಿ ಕುಳಿತರು. ಅಲ್ಲಿ ಕಾಗದ, ಪೆನ್ಸಿಲುಗಳ ನೆರವಿಲ್ಲದೆ, ಇಪ್ಪತ್ತು ನಿಮಿಷಗಳಲ್ಲಿ, ಊರಿಂದೂರಿಗೆ ಹೋಗುವ ಅತಿ ಹತ್ತಿರದ ದಾರಿಯನ್ನು ಹುಡುಕುವ ಕ್ರಮವನ್ನು ಮನಸ್ಸಿನಲ್ಲಿಯೇ ರಚಿಸಿದರು. ಒಂದು ಉದಾಹರಣೆಯಿಂದ ಇದನ್ನು ತಿಳಿಯಬಹುದು. ಆಂಧ್ರಪ್ರದೇಶದಲ್ಲಿ ವಿಶಾಖಪಟ್ಟಣದ ಬಳಿ ಅಚ್ಯುತಾಪುರಂ ಎಂಬ ಊರಿದೆ. ಅಲ್ಲಿಂದ ವಿಜಯವಾಡಕ್ಕೆ ಹೊರಟವನು ಅನಕಾಪಲ್ಲಿಯ ಕಡೆಗೆ ಹೋಗಿಯೂ ಹೆದ್ದಾರಿಯನ್ನು ಸೇರಬಹುದು, ಎಲಮಂಚಿಲಿಯ ಕಡೆಗೆ ಹೋಗಿಯೂ ಸೇರಬಹುದು. ಮುಂದೆ ತುನಿ, ರಾಜಮಹೇಂದ್ರವರಂ, ಏಲೂರುಗಳನ್ನು ದಾಟಬೇಕು. ಡೈಕ್‌ಸ್ಟ್ರಾ ಅವರ ಕ್ರಮದಲ್ಲಿ, ಹೊರಟ ಸ್ಥಳದಿಂದ ತಲಪಬಹುದಾದ ಊರುಗಳಲ್ಲಿ ಅತಿ ಸಮೀಪದ್ದನ್ನು ಮೊದಲು ನಿಶ್ಚಯಿಸಬೇಕು. ಅದರ ಮೂಲಕ ನೆರೆಯ ಊರುಗಳಿಗೆ ದೂರವು ಕಡಮೆಯಾಗುವುದೋ ಎಂದು ನೋಡಬೇಕು. ಬಳಿಕ ಉಳಿದವುಗಳಲ್ಲಿ ಅತಿ ಸಮೀಪದ್ದನ್ನು ನಿಶ್ಚಯಿಸಬೇಕು. ಹೀಗೆ ಒಂದೊಂದೇ ಊರನ್ನು ನಿಶ್ಚಯಿಸುತ್ತ ಹೋದರೆ ಗುರಿಯ ಊರಿಗೆ ಅತಿ ಕಿರಿದಾದ ದಾರಿಯು ತಪ್ಪದೆ ದೊರೆಯುತ್ತದೆ. ಹಾಲೆಂಡಿನ 64 ಪಟ್ಟಣಗಳ ನಕ್ಷೆಯನ್ನು ಇಟ್ಟುಕೊಂಡು, ಅರ್ಮಾಕ್ ಎಂಬ ಹೊಸ ಗಣಕದ ಶಕ್ತಿಯನ್ನು ಜನರಿಗೆ ತೋರಿಸಲು ಇದನ್ನು ಬಳಸಿದರು. 1959ರಲ್ಲಿ ಇದು ಪ್ರಕಟವಾಯಿತು. ಇಂದು ದಾರಿ ತೋರಿಸುವ ಯಂತ್ರಗಳ ಬುನಾದಿಯಲ್ಲಿ ಈ ಕ್ರಮವೂ ಸೇರಿದೆ.

ಇನ್ನು ನಮ್ಮ ಮುಖ್ಯ ವಿಷಯಕ್ಕೆ ಬರೋಣ. 1960ರಲ್ಲಿ ಯೂರೋಪು ಮತ್ತು ಅಮೆರಿಕಗಳ ವಿದ್ವಾಂಸರು ಕೂಡಿ ಆಲ್ಗಾಲ್ 60 ಎಂಬ ಭಾಷೆಯನ್ನು ರೂಪಿಸಿದರು. ನಮ್ಮ ದೇಶದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ತಾವೇ ಕಟ್ಟಿದ ಗಣಕಯಂತ್ರವು ಕೆಲಸಕ್ಕೆ ತೊಡಗಿದುದೂ ಅದೇ ವರ್ಷ. ಆಲ್ಗಾಲ್ ಭಾಷೆಯಲ್ಲಿ ಪ್ರೋಗ್ರಾಮನ್ನು ಮನೆಯೊಳಗಿನ ಕೋಣೆಗಳಂತೆ ಒಂದರೊಳಗೊಂದು ಅಡಕವಾದ ಖಂಡಗಳಾಗಿ ಬರೆಯಬಹುದಾಗಿದ್ದಿತು. ಒಂದು ಖಂಡದಲ್ಲಿ ಹುಟ್ಟಿದ ಹೆಸರು ಆ ಖಂಡದಲ್ಲಿಯೂ ಅದರ ಒಳಗಿನ ಖಂಡಗಳಲ್ಲಿಯೂ ಸಲ್ಲುತ್ತದೆ. ಹೊರಗೆ ಅದಕ್ಕೆ ಅಸ್ತಿತ್ವವಿಲ್ಲ.

ಇದನ್ನು ಕಾಗದದ ಮೇಲೆ ಬರೆಯುವುದು ಸುಲಭ. ಯಂತ್ರಕ್ಕೆ ಅರ್ಥವಾಗುವಂತೆ ಮಾಡುವುದು ಕಷ್ಟ. ಡೈಕ್‌ಸ್ಟ್ರಾ ಅವರೂ ಅವರ ಸಹೋದ್ಯೋಗಿ ಯಾಪ್ ಝೋನೆವೆಲ್ಟ್ ಅವರೂ ಆಲ್ಗಾಲ್ ಭಾಷೆಯನ್ನು ಯಂತ್ರದ ಆಜ್ಞೆಗಳಾಗಿ ಪರಿವರ್ತಿಸುವ ಪ್ರೋಗ್ರಾಮನ್ನು ಬರೆಯಲು ಕೈಹಾಕಿದರು. ಕೆಲಸವು ಮುಗಿಯುವವರೆಗೆ ಗಡ್ಡವನ್ನು ಬೋಳಿಸಿಕೊಳ್ಳುವುದಿಲ್ಲವೆಂದು ಇಬ್ಬರೂ ನಿಶ್ಚಯಿಸಿದ್ದರು. 1960ರ ಆಗಸ್ಟಿನಲ್ಲಿ ಅದು ಸಿದ್ಧವಾಯಿತು. ಝೋನೆವೆಲ್ಟ್ ಅವರು ಗಡ್ಡವನ್ನು ತೆಗೆಸಿಕೊಂಡರು. ಡೈಕ್‌ಸ್ಟ್ರಾ ಅವರ ಗಡ್ಡ ಉಳಿದುಕೊಂಡಿತು.

ಒಂದು ಕಾರ್ಯವಿಧಾನವು ತನ್ನನ್ನು ತಾನೇ ಮತ್ತೆ ಕರೆದುಕೊಳ್ಳಲು ಆ ಭಾಷೆಯಲ್ಲಿ ಅವಕಾಶವಿದ್ದಿತು. ಹಾಗೆ ಕರೆದಾಗ ಮೊದಲ ಸಲದ ಲೆಕ್ಕಗಳೂ ಎರಡನೆಯ ಸಲದ ಲೆಕ್ಕಗಳೂ ಬೆರೆತುಹೋಗಬಾರದಷ್ಟೆ. ಆ ವರ್ಷವೇ ಪ್ರಕಟಿಸಿದ ಒಂದು ಲೇಖನದಲ್ಲಿ ಡೈಕ್‌ಸ್ಟ್ರಾ ಅವರು ಇದಕ್ಕೆ ಪರಿಹಾರವನ್ನು ವಿವರಿಸಿದರು. ಸ್ಲೇಟುಗಳ ಅಟ್ಟಿಯನ್ನು ಕಲ್ಪಿಸಿಕೊಳ್ಳಿ. ವಿಧಾನವನ್ನು ಕರೆದಾಗಲೆಲ್ಲ ಅದಕ್ಕೆ ತನ್ನದೇ ಆದ ಒಂದು ಹೊಸ ಸ್ಲೇಟನ್ನು ಅಟ್ಟಿಯ ಮೇಲೆ ಇಡಲಾಗುತ್ತದೆ. ಅದರ ಖಾಸಗಿ ಲೆಕ್ಕವೆಲ್ಲ ಆ ಸ್ಲೇಟಿನ ಮೇಲೆ. ಕೆಲಸ ಮುಗಿದೊಡನೆ ಆ ಸ್ಲೇಟನ್ನು ತೆಗೆದುಬಿಟ್ಟರೆ, ಅರ್ಧದಲ್ಲಿ ಬಿಟ್ಟಿದ್ದ ಕೆಳಗಿನ ಸ್ಲೇಟು ಇದ್ದಂತೆಯೇ ಕಾಣಿಸಿಕೊಳ್ಳುತ್ತದೆ. ಇಂದಿಗೂ ಗಣಕಯಂತ್ರಗಳು ಸಾಮಾನ್ಯವಾಗಿ ಈ ರೀತಿಯಲ್ಲಿಯೇ ನಡೆಯುತ್ತವೆ.

1962ರಲ್ಲಿ ಅವರು ಐಂಡ್‌ಹೋವನ್ ನಗರದ ತಾಂತ್ರಿಕ ವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರಾದರು. ಅಲ್ಲಿ ಅವರೂ ಅವರ ಸಹಾಯಕರೂ ಕೂಡಿ, ಒಂದೇ ಯಂತ್ರವು ಹಲವರ ಕೆಲಸಗಳನ್ನು ಸರದಿಯಿಂದ ನಡೆಸುವ ವ್ಯವಸ್ಥೆಯೊಂದನ್ನು ಕಟ್ಟಿದರು. ಈ ವ್ಯವಸ್ಥೆಯ ವಿವರಣೆಯು 1968ರಲ್ಲಿ ಅಚ್ಚಾಯಿತು. ಇದನ್ನು ಉಪ್ಪರಿಗೆಯ ಮನೆಯಂತೆ ಅಂತಸ್ತುಗಳಾಗಿ ರಚಿಸಿದ್ದರು. ಅತಿ ಕೆಳಗಿನ ಅಂತಸ್ತು ಯಂತ್ರದ ಸಮಯವನ್ನು ಹಂಚುತ್ತಿದ್ದಿತು. ಅದರ ಮೇಲಿನದು ನೆನಪಿನ ಕೋಶವನ್ನು ನೋಡಿಕೊಳ್ಳುತ್ತಿದ್ದಿತು. ಮೇಲಿನ ಅಂತಸ್ತಿನವನಿಗೆ ಕೆಳಗಿನ ಅಂತಸ್ತಿನ ಸೇವೆ ಮಾತ್ರ ಬೇಕು. ಅಲ್ಲಿನ ಗೃಹಕೃತ್ಯದ ಗೊಡವೆ ಬೇಡ. ಪ್ರತಿಯೊಂದು ಅಂತಸ್ತನ್ನೂ ಬೇರೆಯಾಗಿ ಪರೀಕ್ಷಿಸಿ ಸರಿಯೆಂದು ತಿಳಿದ ಮೇಲೆಯೇ ಮುಂದಿನದನ್ನು ಏರಿಸಿದರು.

ಹೀಗೆ ಗೋಡೆಗಳನ್ನು ಕಟ್ಟುವುದರಿಂದ ಆಗುವ ಪ್ರಯೋಜನವೇನೆಂದು ಕೆಲವರು ಕೇಳಬಹುದು. ನಮ್ಮ ಶಾಲೆಯ ಕಚೇರಿಯನ್ನೇ ನೋಡಿರಿ. ವರ್ಗಾವಣೆ ಪತ್ರ ಬೇಕಾದವನು ಕಿಟಕಿಯಲ್ಲಿ ಅರ್ಜಿಯನ್ನು ಕೊಡುತ್ತಾನೆ; ಪತ್ರವನ್ನು ಪಡೆಯುತ್ತಾನೆ. ಗುಮಾಸ್ತರು ಯಾವ ಬೀರುವನ್ನು ತೆರೆದರು, ಯಾವ ದಪ್ತರವನ್ನು ಹುಡುಕಿದರು ಎಂಬುದು ಅವನಿಗೆ ಬೇಡ. ನಾಳೆ ಬೀರುಗಳ ಸ್ಥಾನವನ್ನು ಬದಲಾಯಿಸಿದರೂ ಕಿಟಕಿಯು ಇದ್ದಲ್ಲಿಯೇ ಇರುತ್ತದೆ. ಇದಕ್ಕೆ ಬದಲಾಗಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಳನುಗ್ಗಿ ತನಗೆ ಬೇಕಾದ ಹಾಳೆಯನ್ನು ತಾನೇ ಎಳೆದುಕೊಳ್ಳುವುದಾದರೆ, ಒಂದು ಬೀರುವನ್ನು ಸರಿಸುವುದೂ ಅಸಾಧ್ಯವಾದೀತು. ಯಾವುದಾದರೂ ಹಾಳೆ ಕಳೆದುಹೋದರೆ ತಪ್ಪು ಯಾರದೆಂದು ತಿಳಿಯುವ ಬಗೆಯೂ ಇರದು. ಕಿಟಕಿಯು ಸಾರ್ವಜನಿಕ ವಿಧಾನ, ಬೀರು ಖಾಸಗಿ. ಖಾಸಗಿಯಾದುದು ರಹಸ್ಯವಾದುದೆಂದು ಭಾವಿಸಬಾರದು. ಅದು ತನ್ನ ಹೊಣೆಯನ್ನು ತಾನೇ ಹೊತ್ತಿರುವುದು ಎಂದು ಅರ್ಥ.

ಆ ಕಾಲಕ್ಕೆ ಗಣಕಯಂತ್ರಗಳು ಬಲಿಷ್ಠವಾಗುತ್ತಿದ್ದುವು. ಅವುಗಳಿಗೆ ಬರೆಯುವ ಪ್ರೋಗ್ರಾಮುಗಳು ಮನುಷ್ಯನ ಬುದ್ಧಿಯ ಹಿಡಿತವನ್ನು ಮೀರಿ ಬೆಳೆಯುತ್ತಿದ್ದುವು. 1968ರಲ್ಲಿ ಜರ್ಮನಿಯ ಗಾರ್ಮಿಷ್ ಎಂಬಲ್ಲಿ ಸೇರಿದ ತಜ್ಞರು ಈ ವಿಪತ್ತನ್ನು ಕುರಿತು ಚರ್ಚಿಸಿದರು. ಡೈಕ್‌ಸ್ಟ್ರಾ ಅವರೂ ಅಲ್ಲಿದ್ದರು. ಅದೇ ವರ್ಷ, ಪ್ರೋಗ್ರಾಮಿನ ಒಂದೆಡೆಯಿಂದ ಮತ್ತೊಂದೆಡೆಗೆ ಮನಬಂದಂತೆ ನೆಗೆಯುವ ಆಜ್ಞೆಯನ್ನು ಖಂಡಿಸಿ ಅವರು ಬರೆದ ಸಣ್ಣ ಪತ್ರವು ದೊಡ್ಡ ವಿವಾದವನ್ನು ಎಬ್ಬಿಸಿತು. 1972ರಲ್ಲಿ ಗಣಕಶಾಸ್ತ್ರದ ಅತ್ಯುಚ್ಚ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯು ಅವರಿಗೆ ಲಭಿಸಿತು. ಆಗ ಮಾಡಿದ ಭಾಷಣದಲ್ಲಿ ಅವರು ತಮ್ಮ ಸಾಧನೆಯನ್ನು ಹೊಗಳಿಕೊಳ್ಳಲಿಲ್ಲ. ಮನುಷ್ಯನ ತಲೆಯು ಬಹು ಚಿಕ್ಕದೆಂಬುದನ್ನು ಅರಿತವನೇ ಒಳ್ಳೆಯ ಪ್ರೋಗ್ರಾಮನ್ನು ಬರೆಯಬಲ್ಲನೆಂಬ ಅಭಿಪ್ರಾಯವನ್ನು ವಿವರಿಸಿದರು. ಒಳಗು ಹೊರಗುಗಳ ಗೆರೆಯ ಅಗತ್ಯವೂ ಇದರಿಂದಲೇ ಹುಟ್ಟುತ್ತದೆ. ಎಲ್ಲವನ್ನೂ ಏಕಕಾಲದಲ್ಲಿ ನೆನಪಿನಲ್ಲಿಟ್ಟುಕೊಳ್ಳಲಾರದ ಮನುಷ್ಯನು ಒಂದು ಕಾಲಕ್ಕೆ ಒಂದು ಕೋಣೆಯನ್ನು ಮಾತ್ರ ನೋಡುವಂತಿರಬೇಕು.

1976ರಲ್ಲಿ ಅವರು ಪ್ರಕಟಿಸಿದ ಗ್ರಂಥದಲ್ಲಿ ಹೆಸರುಗಳ ವ್ಯಾಪ್ತಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟರು. ತಾವು ಹಿಂದೆ ಅಷ್ಟು ಶ್ರಮದಿಂದ ಯಂತ್ರಕ್ಕೆ ಅಳವಡಿಸಿದ ಆಲ್ಗಾಲ್ ಭಾಷೆಯ ನಿಯಮದಲ್ಲಿಯೇ ಅವರು ಅಲ್ಲಿ ದೋಷವನ್ನು ತೋರಿಸಿದರು. ಹೊರಗಿನ ಖಂಡದ ಹೆಸರುಗಳೆಲ್ಲ ಕೇಳದೆಯೇ ಒಳಗಿನ ಖಂಡಕ್ಕೆ ಹರಿದುಬರುವುದು ಸರಿಯಲ್ಲವೆಂದು ಅವರ ವಾದ. ಒಳಗಿನ ಖಂಡವನ್ನು ಬರೆಯುವವನು ತನ್ನ ಹೆಸರೊಂದನ್ನು ಘೋಷಿಸಲು ಮರೆತರೆ, ಅದೇ ಹೆಸರಿನ ಹೊರಗಿನ ವಸ್ತುವು ಅವನಿಗೆ ಅರಿವಿಲ್ಲದೆಯೇ ಕೆಡುತ್ತದೆ. ಓದುವವನಿಗಾದರೋ, ಈ ಖಂಡವು ಏನನ್ನು ಮುಟ್ಟುತ್ತದೆಯೆಂದು ತಿಳಿಯಲು ಇಡೀ ಬರಹವನ್ನು ಶೋಧಿಸಬೇಕಾಗುತ್ತದೆ. ಆದುದರಿಂದ ಪ್ರತಿಯೊಂದು ಖಂಡವೂ ತನ್ನ ಬಾಗಿಲಿನಲ್ಲಿಯೇ ಒಂದು ಪಟ್ಟಿಯನ್ನು ತೂಗುಹಾಕಬೇಕು. ತನ್ನ ಸ್ವಂತ ಹೆಸರುಗಳು ಯಾವುವು, ಹೊರಗಿನಿಂದ ಎರವಲು ತಂದ ಹೆಸರುಗಳು ಯಾವುವು, ಬದಲಾಯಿಸದೆ ಬರಿದೆ ನೋಡತಕ್ಕವು ಯಾವುವು ಎಂದು ಅದರಲ್ಲಿ ಕಾಣಿಸಬೇಕು ಎಂದು ಅವರು ವಿಧಿಸಿದರು. ತಮ್ಮದೇ ಹಿಂದಿನ ಕೆಲಸದ ನ್ಯೂನತೆಯನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಹೇಳುವುದು ಸಾಮಾನ್ಯರಿಗೆ ಸಾಧ್ಯವಿಲ್ಲ.

ಅವರು ಸೂಚಿಸಿದ ಆ ಪಟ್ಟಿಯ ಪದ್ಧತಿಯು ಹಾಗೆಯೇ ಬಳಕೆಗೆ ಬರಲಿಲ್ಲವೆಂಬುದನ್ನೂ ಹೇಳಬೇಕು. ಬೇರೆ ವಿದ್ವಾಂಸರು ಬೇರೆ ದಾರಿಗಳಿಂದ ಅದೇ ಗುರಿಯತ್ತ ನಡೆದರು. ನಾರ್ವೆಯ ಡಾಲ್ ಮತ್ತು ನ್ಯೂಗಾರ್ಡ್ ಅವರು 1960ರ ದಶಕದಲ್ಲಿ ಸಿಮುಲಾ ಭಾಷೆಯನ್ನು ನಿರ್ಮಿಸಿ, ವಸ್ತುವನ್ನೂ ಅದರ ವಿಧಾನಗಳನ್ನೂ ಒಂದೇ ಮನೆಯಲ್ಲಿ ಇರಿಸಿದರು. 1972ರಲ್ಲಿ ಡೇವಿಡ್ ಪಾರ್ನಾಸ್ ಅವರು, ಮುಂದೆ ಬದಲಾಗಬಹುದಾದುದನ್ನು ಒಳಗೆ ಅಡಗಿಸಬೇಕೆಂಬ ತತ್ತ್ವವನ್ನು ಪ್ರತಿಪಾದಿಸಿದರು. ಮುಂದೆ ಬಂದ ಸಿ ಪ್ಲಸ್ ಪ್ಲಸ್, ಜಾವಾ ಮೊದಲಾದ ಭಾಷೆಗಳಲ್ಲಿ ಪಬ್ಲಿಕ್, ಪ್ರೈವೇಟ್ ಎಂಬ ಶಬ್ದಗಳು ಭಾಷೆಯ ಅಂಗಗಳೇ ಆದುವು. ಇಂದು ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಯೂ ಆ ಎರಡು ಶಬ್ದಗಳನ್ನು ಬರೆಯುತ್ತಾನೆ. ಅವುಗಳ ಹಿಂದಿರುವ ವಿಚಾರಮಂಥನವು ಅವನ ಗಮನಕ್ಕೆ ಬರುವುದು ಅಪರೂಪ.

ಡೈಕ್‌ಸ್ಟ್ರಾ ಅವರ ಸ್ವಭಾವವು ಕಠಿಣವಾದುದು. ಅಸ್ಪಷ್ಟವಾಗಿ ಮಾತನಾಡುವವರನ್ನು ಅವರು ಸಹಿಸುತ್ತಿರಲಿಲ್ಲ. ಅವರ ಟೀಕೆಯ ಮೊನೆಗೆ ಸಿಕ್ಕಿ ನೊಂದವರು ಅನೇಕರು. ಗಣಕಶಾಸ್ತ್ರದ ಆಚಾರ್ಯರಾದರೂ ಬರೆಯಲು ಅವರು ನೆಚ್ಚಿದುದು ಮಸಿಯ ಲೇಖನಿಯನ್ನೇ. ಮುದ್ದಾದ ಕೈಬರಹದಲ್ಲಿ, ತಮ್ಮ ಹೆಸರಿನ ಮೂರು ಮೊದಲಕ್ಷರಗಳನ್ನೂ ಒಂದು ಕ್ರಮಸಂಖ್ಯೆಯನ್ನೂ ಹಾಕಿ, ವಿಚಾರಗಳನ್ನು ಬರೆದು ಪ್ರತಿ ತೆಗೆಸಿ ಕೆಲವು ಸ್ನೇಹಿತರಿಗೆ ಅಂಚೆಯಲ್ಲಿ ಕಳುಹಿಸುತ್ತಿದ್ದರು. ಆ ಸ್ನೇಹಿತರು ಮತ್ತೆ ಪ್ರತಿ ಮಾಡಿ ಹಂಚುತ್ತಿದ್ದರು. ಹೀಗೆ ಬರೆದ ಟಿಪ್ಪಣಿಗಳು 1,300ಕ್ಕೂ ಮಿಕ್ಕಿವೆ. ಬಿಡುವಿನಲ್ಲಿ ಪಿಯಾನೊ ನುಡಿಸುವುದು ಅವರಿಗೆ ಪ್ರಿಯ. ಮೋತ್ಸಾರ್ಟನ ಸಂಗೀತವೆಂದರೆ ಬಹು ಪ್ರೀತಿ.

1984ರಲ್ಲಿ ಅವರು ಅಮೆರಿಕದ ಆಸ್ಟಿನ್ ನಗರದಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾನಿಲಯಕ್ಕೆ ಹೋಗಿ, 1999ರವರೆಗೆ ಬೋಧಿಸಿದರು. ಜೀವಿತದ ಕೊನೆಯಲ್ಲಿ ಕ್ಯಾನ್ಸರ್ ರೋಗವು ಅವರನ್ನು ಬಾಧಿಸಿತು. ತಾಯ್ನಾಡಿಗೆ ಹಿಂದಿರುಗಿ, ನ್ಯೂನೆನ್ ಎಂಬ ಊರಿನ ತಮ್ಮ ಮನೆಯಲ್ಲಿ 2002ನೆಯ ಇಸವಿ ಆಗಸ್ಟ್ 6ರಂದು ಅವರು ಕಾಲಾಧೀನರಾದರು. ಆಗ ಅವರಿಗೆ 72 ವರ್ಷ. ಅದೇ ವರ್ಷದ ಏಪ್ರಿಲಿನವರೆಗೂ ಅವರ ಲೇಖನಿಯು ನಿಂತಿರಲಿಲ್ಲ.

ಈ ಮಹನೀಯರ ಜೀವನದಿಂದ ನಾವು ಕಲಿಯತಕ್ಕುದು ಯಂತ್ರಕ್ಕೆ ಸಂಬಂಧಿಸಿದುದು ಮಾತ್ರವಲ್ಲ. ಬುದ್ಧಿಯು ಎಷ್ಟೇ ತೀಕ್ಷ್ಣವಾಗಿದ್ದರೂ ಅದಕ್ಕೆ ಒಂದು ಎಲ್ಲೆಯಿದೆ. ಆ ಎಲ್ಲೆಯನ್ನು ಅರಿತು ಕೆಲಸವನ್ನು ಹಂಚಿಕೊಂಡರೆ ದೊಡ್ಡ ಕಾರ್ಯವೂ ಕೈಗೂಡುತ್ತದೆ. ಯಾವುದನ್ನು ಎಲ್ಲರ ಮುಂದಿಡಬೇಕು, ಯಾವುದನ್ನು ನಮ್ಮ ಹೊಣೆಯಲ್ಲಿ ಇರಿಸಿಕೊಳ್ಳಬೇಕು, ನೆರೆಯವನಿಂದ ಎರವಲು ತಂದುದು ಯಾವುದು ಎಂಬುದನ್ನು ಬಾಗಿಲಿನಲ್ಲಿಯೇ ಪ್ರಾಮಾಣಿಕವಾಗಿ ಬರೆದಿಡುವುದು ಪ್ರೋಗ್ರಾಮಿಗೆ ಹೇಗೋ ಮನುಷ್ಯನಿಗೂ ಹಾಗೆಯೇ ಒಳ್ಳೆಯದು. ನಮ್ಮಲ್ಲಿ ಯಾರಾದರೂ ನಾಳೆ ಗಣಕದ ಮುಂದೆ ಕುಳಿತು ಒಂದು ವಿಧಾನಕ್ಕೆ ಹೆಸರಿಡುವಾಗ, ಈ ಹೆಸರು ಹೊಸ್ತಿಲಿನ ಒಳಗಿನದೋ ಹೊರಗಿನದೋ ಎಂದು ಒಂದು ಕ್ಷಣ ಆಲೋಚಿಸಿದರೆ, ಆ ಮಹನೀಯರ ಶ್ರಮವು ಸಾರ್ಥಕವಾದಂತೆ.